ಫೈಲಿನಲ್ಲಿ ಒಂದು, ಸರ್ವರ್ ಬಾಯಲ್ಲಿ ಇನ್ನೊಂದು: ಡಿಎನ್‌ಎಸ್ ಕಾನ್ಫಿಗ್ ದೋಷ ಹುಡುಕುವ ಬಗೆ

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ. ಮಡಿಕೇರಿಯಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ನಾಪೋಕ್ಲು ಕಡೆ ಹೋಮ್‌ಸ್ಟೇ ನಡೆಸುವ ಅಕ್ಕ ಒಬ್ಬರು ಫೋನ್ ಮಾಡಿದರು.

"ಎಂತ ತಮ್ಮಾ, ನಮ್ಮ ವೆಬ್‌ಸೈಟ್ ನನಗೆ ಹೊಸದು ಕಾಣ್ತದೆ. ಬೆಂಗಳೂರಿನ ಗೆಸ್ಟಿಗೆ ಹಳೇದೇ ಬರ್ತಾ ಉಂಟಂತೆ. ಹೋದ ವರ್ಷದ ರೇಟ್ ನೋಡಿ ರೂಮ್ ಕೇಳ್ತಿದ್ದಾರೆ!"

"ಇವತ್ತೊಂದು ದಿನ ತಡೀರಿ ಅಕ್ಕ, ಎಲ್ಲ ಕಡೆ ಹರಡೋದಕ್ಕೆ ಟೈಮ್ ಬೇಕು" ಅಂದೆ.

ಡಿಎನ್‌ಎಸ್ ಅಂದರೆ ವೆಬ್‌ಸೈಟ್ ಹೆಸರು ಕೇಳಿದರೆ ಅದರ ಐಪಿ ವಿಳಾಸ ಹೇಳುವ ವ್ಯವಸ್ಥೆ. ಅದನ್ನು ನೋಡಿಕೊಳ್ಳುವವರೆಲ್ಲ ಕೊಡುವ ಸೋಮಾರಿ ಉತ್ತರ ಇದು. ಫೋನ್ ಇಟ್ಟ ಮೇಲೆ ನನಗೇ ನಾಚಿಕೆ ಆಯಿತು. ಆ ವೆಬ್‌ಸೈಟಿನ ವಿಳಾಸ ಹೇಳುವ ರೆಕಾರ್ಡಿಗೆ ನಾವು ಇಟ್ಟಿದ್ದ ಟಿಟಿಎಲ್, ಅಂದರೆ ಹೊರಗಿನವರು ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿ, 3600 ಸೆಕೆಂಡ್. ಅಂದರೆ ಒಂದು ಗಂಟೆ. ವಿಳಾಸ ಬದಲಾಯಿಸಿದ್ದು ಹಿಂದಿನ ದಿನ ಸಂಜೆ. ಹಳೆಯ ಉತ್ತರವನ್ನು ಯಾರಾದರೂ ನೆನಪಿಟ್ಟುಕೊಂಡಿದ್ದರೂ ರಾತ್ರಿ ಊಟದ ಹೊತ್ತಿಗೆ ಮರೆತಿರಬೇಕಿತ್ತು. ಬೆಳಿಗ್ಗೆಯೂ ಹಳೆಯದೇ ಬರುತ್ತಿದೆ ಎಂದರೆ ಯಾರೋ ಈಗಲೂ ಹಳೆಯದನ್ನೇ ಹೇಳುತ್ತಿದ್ದಾರೆ ಎಂದೇ ಅರ್ಥ. ಆ ಯಾರೋ ಬೇರೆ ಯಾರೂ ಅಲ್ಲ, ನಮ್ಮದೇ ಎರಡನೇ ಸರ್ವರ್.

ನಮ್ಮ ವ್ಯವಸ್ಥೆ ಚಿಕ್ಕದು. ಒಂದಷ್ಟು ಹೋಮ್‌ಸ್ಟೇಗಳು, ಒಂದೆರಡು ಕಾಫಿ ಮಾರುವವರು. ಅವರ ಹೆಸರುಗಳನ್ನು ಹೇಳಲು ಎರಡು ಮೆಷಿನ್. ಎರಡರಲ್ಲೂ ಡೆಬಿಯನ್ ಲಿನಕ್ಸ್, ಅದರ ಮೇಲೆ ಬೈಂಡ್ 9 ಎಂಬ ಡಿಎನ್‌ಎಸ್ ಸಾಫ್ಟ್‌ವೇರ್. ಮೂಲ ಫೈಲ್ ಇರುವ ಪ್ರೈಮರಿ ಮಡಿಕೇರಿಯಲ್ಲಿ, ಅದರ ನಕಲು ಇಡುವ ಸೆಕೆಂಡರಿ ಬೆಟ್ಟ ಇಳಿದರೆ ಸಿಗುವ ಕುಶಾಲನಗರದಲ್ಲಿ. ಒಂದು ಕಡೆ ಕರೆಂಟ್ ಹೋದರೆ ಇನ್ನೊಂದು ಕಡೆ ಇರಲಿ ಎಂಬ ಲೆಕ್ಕ. ಮಳೆಗಾಲದಲ್ಲಿ ಈ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಉದಾಹರಣೆಗೆ ತೋಟ.ಎಕ್ಸಾಂಪಲ್ ಎಂಬ ಹೆಸರು ಬಳಸಿದ್ದೇನೆ. ಡಾಟ್ ಎಕ್ಸಾಂಪಲ್ ಎಂಬ ತುದಿಯನ್ನು ಇಂಥ ಬರಹಗಳಿಗೆಂದೇ 1999ರ ಆರ್‌ಎಫ್‌ಸಿ 2606 ಎಂಬ ಇಂಟರ್ನೆಟ್ ನಿಯಮದ ದಾಖಲೆಯಲ್ಲಿ ಎತ್ತಿಟ್ಟಿದ್ದಾರೆ. ಐಪಿಗಳೂ ಹಾಗೇ, ಉದಾಹರಣೆಗೆಂದು ಮೀಸಲಿಟ್ಟವು. ಆಜ್ಞೆಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು, ಅದು ಗೊತ್ತಿದ್ದದ್ದೇ.

ಯಾರನ್ನು ಕೇಳುತ್ತಿದ್ದೀರಿ?

ಫೈಲಿನಲ್ಲಿ ಬರೆದದ್ದು ಗೆಸ್ಟಿನ ಮೊಬೈಲ್ ತಲುಪುವವರೆಗೆ ನಾಲ್ಕು ಕೈ ದಾಟುತ್ತದೆ. ಮೊದಲು ಡಿಸ್ಕಿನ ಮೇಲಿರುವ ಫೈಲ್. ಆಮೇಲೆ ಪ್ರೈಮರಿ ಸರ್ವರ್ ಮೆಮೊರಿಗೆ ಎತ್ತಿಕೊಂಡ ಪ್ರತಿ. ಆಮೇಲೆ ಸೆಕೆಂಡರಿ ಅಲ್ಲಿಂದ ಇಳಿಸಿಕೊಂಡ ಪ್ರತಿ. ಕೊನೆಗೆ, ಗೆಸ್ಟಿನ ಪರವಾಗಿ ಹೆಸರು ಕೇಳಿ ಹೇಳುವ ಊರೂರಿನ ರಿಸಾಲ್ವರ್‌ಗಳ ಕ್ಯಾಷ್, ಅಂದರೆ ಅವು ನೆನಪಿಟ್ಟುಕೊಂಡ ಉತ್ತರ. ಬಹಳಷ್ಟು ಜನ ಮೊದಲನೆಯದನ್ನು ನೋಡುತ್ತಾರೆ, ನಾಲ್ಕನೆಯದನ್ನು ಬೈಯುತ್ತಾರೆ. ತಪ್ಪು ಜಾಸ್ತಿ ಇರುವುದು ನಡುವಿನ ಎರಡರಲ್ಲಿ.

ಹಾಗಾಗಿ ಫೈಲ್ ತೆರೆಯುವ ಮೊದಲು, ಡಿಎನ್‌ಎಸ್ ಪ್ರಶ್ನೆ ಕೇಳುವ ಡಿಗ್ ಎಂಬ ಆಜ್ಞೆಯಿಂದ ಎರಡೂ ಸರ್ವರ್‌ಗಳನ್ನು ನೇರವಾಗಿ ಕೇಳಿ. ಒಂದು ಡೊಮೇನಿನ ರೆಕಾರ್ಡುಗಳ ಕಟ್ಟಿಗೆ ಝೋನ್ ಎನ್ನುತ್ತಾರೆ, ಅದರ ತಲೆಯ ಸಾಲು ಎಸ್‌ಒಎ:

ಡಿಗ್ @192.0.2.53 ತೋಟ.ಎಕ್ಸಾಂಪಲ್ ಎಸ್‌ಒಎ +ನೋರೆಕರ್ಸ್
ಡಿಗ್ @198.51.100.53 ತೋಟ.ಎಕ್ಸಾಂಪಲ್ ಎಸ್‌ಒಎ +ನೋರೆಕರ್ಸ್

ಆ @ ಗುರುತು ಬಿಡಬೇಡಿ. ಉಬುಂಟು ಲ್ಯಾಪ್‌ಟಾಪಿನಲ್ಲಿ ಅದಿಲ್ಲದೆ ಕೇಳಿದರೆ 127.0.0.53ರಲ್ಲಿ ಕೂತಿರುವ ಸ್ಥಳೀಯ ರಿಸಾಲ್ವರ್ ಉತ್ತರ ಕೊಡುತ್ತದೆ. ನಿಮ್ಮ ಸರ್ವರ್ ಅಲ್ಲ. ಉತ್ತರದಲ್ಲಿ "ಎಎ" ಎಂಬ ಫ್ಲ್ಯಾಗ್ ಇದೆಯಾ ನೋಡಿ. ಇದ್ದರೆ ಸರ್ವರ್ ತನ್ನ ಸ್ವಂತ ಝೋನ್‌ನಿಂದ ಹೇಳುತ್ತಿದೆ. ಇಲ್ಲದಿದ್ದರೆ ಇನ್ನೊಬ್ಬರಿಂದ ಕೇಳಿದ್ದನ್ನು ಹೇಳುತ್ತಿದೆ.

ಉತ್ತರ ಯಾವ ತರಹ ಬಂತು ಎನ್ನುವುದರಲ್ಲೇ ಅರ್ಧ ದೋಷ ಸಿಗುತ್ತದೆ. "ಎನ್‌ಎಕ್ಸ್‌ಡೊಮೇನ್" ಬಂದರೆ ಝೋನ್ ಲೋಡ್ ಆಗಿದೆ, ಆ ಹೆಸರು ಮಾತ್ರ ಅದರಲ್ಲಿ ಇಲ್ಲ. ಟೈಪಿಂಗ್ ತಪ್ಪು, ಚುಕ್ಕೆ ತಪ್ಪು ಅಥವಾ ಬೇರೆಯೇ ಫೈಲ್. "ಸರ್ವ್‌ಫೇಲ್" ಬಂದರೆ ಝೋನ್ ಹೆಸರು ಕಾನ್ಫಿಗ್‌ನಲ್ಲಿದೆ, ಆದರೆ ಲೋಡ್ ಆಗಿಲ್ಲ ಅಥವಾ ಸೆಕೆಂಡರಿಯಲ್ಲಿ ಅವಧಿ ಮುಗಿದಿದೆ. "ರಿಫ್ಯೂಸ್ಡ್" ಬಂದರೆ "ಈ ಝೋನ್ ನನ್ನದಲ್ಲ, ಅಥವಾ ನಿನಗೆ ಹೇಳಲ್ಲ" ಎಂದರ್ಥ. ಬೇರೆ ಫೈಲನ್ನು ಸೇರಿಸುವ ಇನ್‌ಕ್ಲೂಡ್ ಸಾಲು ಬಿಟ್ಟುಹೋಗಿರಬಹುದು, ಯಾರು ಕೇಳಬಹುದು ಎಂದು ಹೇಳುವ ಅಲೋ-ಕ್ವೆರಿ ಬಿಗಿಯಾಗಿರಬಹುದು. ಉತ್ತರವೇ ಬರದಿದ್ದರೆ ಸರ್ವಿಸ್ ನಿಂತಿದೆ, ಫೈರ್‌ವಾಲ್ ತಡೆದಿದೆ ಅಥವಾ ಲಿಸನ್-ಆನ್ ಸಾಲಿನಲ್ಲಿ 127.0.0.1 ಮಾತ್ರ ಇದೆ. ರೆಡ್ ಹ್ಯಾಟ್ ಕುಟುಂಬದಲ್ಲಿ ಹೊಸದಾಗಿ ಹಾಕಿದ ಬೈಂಡ್ ಹೀಗೆ ತನ್ನೊಳಗೇ ಮಾತಾಡಿಕೊಂಡು ಕೂತಿರುತ್ತದೆ.

ನಮಗೆ ಎರಡೂ ಕಡೆಯಿಂದ ಚೆನ್ನಾಗಿಯೇ ಉತ್ತರ ಬಂತು. "ಎಎ" ಫ್ಲ್ಯಾಗ್ ಕೂಡ ಇತ್ತು. ಆದರೆ ಸೀರಿಯಲ್ ನಂಬರ್ ಬೇರೆ ಬೇರೆ.

ಮಡಿಕೇರಿ: 2025071801
ಕುಶಾಲನಗರ: 2205051201

ಎರಡನೆಯದನ್ನು ನೋಡಿ ನಕ್ಕೆ. ಆಮೇಲೆ ನಗು ನಿಂತಿತು.

ಹಿಂದಕ್ಕೆ ಹೋದ ಸೀರಿಯಲ್

ಕೊಡಗಿನ ಕಾಫಿ ತೋಟಗಳಲ್ಲಿ ಮಳೆ ಪುಸ್ತಕ ಇಡುವುದು ಎಲ್ಲರಿಗೂ ಗೊತ್ತು. ಬೆಳಿಗ್ಗೆ ರೈಟರ್ ಹೋಗಿ ಮಾಪನ ನೋಡಿ "ಮೂರು ಇಂಚು ಇಪ್ಪತ್ತು ಸೆಂಟು" ಅಂತ ಬರೆಯುತ್ತಾರೆ. ಈಗ ಆ ಪುಸ್ತಕದ ನಕಲು ಪೇಟೆಯ ಆಫೀಸಿನಲ್ಲೂ ಇದೆ ಅಂದುಕೊಳ್ಳಿ. ಪೇಟೆಯ ಗುಮಾಸ್ತ ಪ್ರತಿ ಸಲ ಇಡೀ ಪುಸ್ತಕ ತರಿಸುವುದಿಲ್ಲ. ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾನೆ: "ನಿಮ್ಮದು ಎಷ್ಟನೇ ಪುಟ?" ತನ್ನ ಹತ್ತಿರ ಇರುವುದಕ್ಕಿಂತ ದೊಡ್ಡ ಸಂಖ್ಯೆ ಬಂದರೆ ಮಾತ್ರ ನಕಲು ತರಿಸುತ್ತಾನೆ. ಚಿಕ್ಕದು ಬಂದರೆ ಸುಮ್ನೆ ಕೂರುತ್ತಾನೆ. ಒಳಗೆ ಏನು ಬರೆದಿದೆ ಎಂದು ಕೇಳುವುದೇ ಇಲ್ಲ.

ಸೆಕೆಂಡರಿ ಸರ್ವರ್ ಮಾಡುವುದು ಇದನ್ನೇ. ಝೋನ್ ಫೈಲಿನ ತಲೆಯಲ್ಲಿರುವ ಎಸ್‌ಒಎ ಸಾಲಿನ ಸೀರಿಯಲ್ ನಂಬರ್ ಆ ಪುಟ ಸಂಖ್ಯೆ. ಅದನ್ನು ವರ್ಷ, ತಿಂಗಳು, ದಿನ, ಆ ದಿನದ ಎಷ್ಟನೇ ಬದಲಾವಣೆ ಎಂದು ಹತ್ತು ಅಂಕಿಯಲ್ಲಿ ಬರೆಯುವುದು ರೂಢಿ. ಇದು ಮನುಷ್ಯರ ಅನುಕೂಲಕ್ಕೆ ಮಾತ್ರ. ಸರ್ವರ್‌ಗೆ ಅದರಲ್ಲಿ ತಾರೀಕು ಕಾಣುವುದಿಲ್ಲ, ಬರೀ ಒಂದು ಸಂಖ್ಯೆ ಕಾಣುತ್ತದೆ.

ಆಗಿದ್ದು ಇಷ್ಟು. ಮೇ ತಿಂಗಳಲ್ಲಿ ಯಾರೋ 2025 ಎಂದು ಬರೆಯುವ ಕಡೆ 2205 ಎಂದು ಬರೆದಿದ್ದಾರೆ. "ಯಾರೋ" ಎಂದರೆ ನಾನೇ ಇರಬೇಕು, ಮೇ 12ರಂದು ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಸಂಖ್ಯೆ ದೊಡ್ಡದಾಗಿದ್ದರಿಂದ ಕುಶಾಲನಗರ ಖುಷಿಯಿಂದ ಇಳಿಸಿಕೊಂಡಿತು. ಎರಡು ತಿಂಗಳು ಯಾರೂ ಆ ಫೈಲ್ ಮುಟ್ಟಲಿಲ್ಲ. ಜುಲೈನಲ್ಲಿ ನಮ್ಮ ಹುಡುಗ ವಿಳಾಸ ಬದಲಾಯಿಸಿ, ಶ್ರದ್ಧೆಯಿಂದ ಅವತ್ತಿನ ತಾರೀಕು ಹಾಕಿದ. ಅವನದು ಸರಿ. ಆದರೆ ಸಂಖ್ಯೆ ಚಿಕ್ಕದಾಯಿತು. ಮಡಿಕೇರಿ ಹೊಸದನ್ನು ಹೇಳತೊಡಗಿತು, ಕುಶಾಲನಗರ ಹಳೆಯದಕ್ಕೆ ಅಂಟಿಕೊಂಡಿತು. ಹೊರಗಿನವರ ರಿಸಾಲ್ವರ್ ಯಾವ ಸರ್ವರ್ ಅನ್ನು ಕೇಳುತ್ತದೋ ಅದರ ಮೇಲೆ ಅವರಿಗೆ ಕಾಣುವ ಪೇಜ್.

ಪ್ರೈಮರಿಯ ಲಾಗ್‌ನಲ್ಲಿ ಸೀರಿಯಲ್ ಹಿಂದಕ್ಕೆ ಹೋಗಿದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಸೆಕೆಂಡರಿಯ ಲಾಗ್‌ನಲ್ಲಿ "ಪ್ರೈಮರಿ ಕೊಟ್ಟ ಸಂಖ್ಯೆ ನಮ್ಮದಕ್ಕಿಂತ ಚಿಕ್ಕದು" ಎಂಬ ಅರ್ಥದ ಸಾಲೂ ಇತ್ತು. ಇಬ್ಬರೂ ಹೇಳಿದ್ದರು. ಕೇಳುವವರು ಇರಲಿಲ್ಲ, ಅಷ್ಟೆ.

ಸರಿಮಾಡಲು ಮೂರು ದಾರಿ ಇವೆ. ಎರಡೂ ಸರ್ವರ್ ನಿಮ್ಮ ಕೈಯಲ್ಲೇ ಇದ್ದರೆ ಸೆಕೆಂಡರಿಯಲ್ಲಿ, ಓಡುತ್ತಿರುವ ಬೈಂಡ್‌ಗೆ ಆಜ್ಞೆ ಕೊಡುವ ಆರ್‌ಎನ್‌ಡಿಸಿ ಬಳಸಿ ಹೀಗೆ ಹೊಡೆಯಿರಿ:

ಆರ್‌ಎನ್‌ಡಿಸಿ ರೀಟ್ರಾನ್ಸ್‌ಫರ್ ತೋಟ.ಎಕ್ಸಾಂಪಲ್

ಇದು ಸೀರಿಯಲ್ ಹೋಲಿಸುವುದಿಲ್ಲ. ಪೂರ್ತಿ ಝೋನ್ ಎಳೆದುಕೊಳ್ಳುತ್ತದೆ. ನಾವು ಮಾಡಿದ್ದು ಇದನ್ನೇ. ಅರ್ಧ ನಿಮಿಷದ ಕೆಲಸ.

ಎರಡನೆಯದು, ಮಾನ ಮರ್ಯಾದೆ ಬಿಟ್ಟು 2205051202 ಎಂದು ಒಂದು ಹೆಚ್ಚಿಸಿ ಮುಂದುವರಿಯುವುದು. ತಪ್ಪೇನಿಲ್ಲ. ನೋಡಿದವರು ನಗುತ್ತಾರೆ ಅಷ್ಟೆ.

ಮೂರನೆಯದು, ಸೆಕೆಂಡರಿ ಬೇರೆಯವರ ಕೈಯಲ್ಲಿದ್ದು, ತಾರೀಕಿನ ಲೆಕ್ಕಕ್ಕೇ ವಾಪಸ್ ಬರಬೇಕು ಎಂದಿದ್ದರೆ. ಸೀರಿಯಲ್ ಎಂಬುದು 32 ಬಿಟ್‌ನ ಸಂಖ್ಯೆ. 4294967295 ದಾಟಿದರೆ ಸೊನ್ನೆಯಿಂದ ಮತ್ತೆ ಶುರು, ಹಳೆಯ ಗಾಡಿಯ ಮೀಟರ್ ಸುತ್ತಿದ ಹಾಗೆ. ಒಂದೇ ನೆಗೆತಕ್ಕೆ 2147483647ರವರೆಗೆ ಮುಂದೆ ಹೋಗಬಹುದು. ಇದರ ನಿಯಮ 1996ರ ಆರ್‌ಎಫ್‌ಸಿ 1982ರಲ್ಲಿದೆ. ನಮ್ಮ ಸಂಖ್ಯೆಗೆ ಲೆಕ್ಕ ಹಾಕೋಣ. 2205051201ಕ್ಕೆ 2147483647 ಕೂಡಿಸಿದರೆ 4352534848. ಇದು ಮಿತಿ ದಾಟಿತು. ಅದರಿಂದ 4294967296 ಕಳೆದರೆ 57567552. ಮೊದಲು ಈ ಸಂಖ್ಯೆ ಹಾಕಿ ರೀಲೋಡ್ ಮಾಡಬೇಕು. ಎಲ್ಲ ಸೆಕೆಂಡರಿಗಳೂ ಇದನ್ನು ತೋರಿಸುವವರೆಗೆ ಕಾಯಬೇಕು. ಆಮೇಲೆ 2025071901 ಹಾಕಿದರೆ ಅದು ಮುಂದಿನ ಸಂಖ್ಯೆ ಎಂದೇ ಲೆಕ್ಕ. ನಡುವೆ ಒಂದು ಸೆಕೆಂಡರಿ ತಪ್ಪಿಸಿಕೊಂಡರೆ ಮೊದಲಿಂದ ತಲೆನೋವು. ಅವಸರ ಬೇಡ.

ಸೀರಿಯಲ್ ಬದಲಾಯಿಸುವುದನ್ನೇ ಮರೆತರೂ ಇದೇ ಲಕ್ಷಣ ಕಾಣುತ್ತದೆ. ಎರಡು ಸರ್ವರ್, ಒಂದೇ ಸೀರಿಯಲ್, ಎರಡು ಉತ್ತರ. ಹಾಗಾಗಿ ಎಸ್‌ಒಎ ಮಾತ್ರ ಹೋಲಿಸಿ ಸಮಾಧಾನ ಪಡಬೇಡಿ. ಬದಲಾದ ರೆಕಾರ್ಡನ್ನೂ ಎರಡೂ ಕಡೆ ಕೇಳಿ.

ತಿದ್ದಿದ್ದು ಯಾವ ಫೈಲ್?

ಇದು ಕೇಳಲು ಬಾಲಿಶ ಪ್ರಶ್ನೆ. ನಾನು ಮಾತ್ರ ಇದನ್ನೇ ಮೊದಲು ಕೇಳುತ್ತೇನೆ. ಕಾನ್ಫಿಗ್‌ನಲ್ಲಿ ಹೀಗಿರುತ್ತದೆ:

ಝೋನ್ "ತೋಟ.ಎಕ್ಸಾಂಪಲ್" {
  ಟೈಪ್ ಪ್ರೈಮರಿ;
  ಫೈಲ್ "ಡಿಬಿ.ತೋಟ";
};

ಪೂರ್ತಿ ದಾರಿ ಇಲ್ಲ, ಬರೀ ಫೈಲ್ ಹೆಸರು. ಹಾಗಿದ್ದಾಗ ಬೈಂಡ್ ಅದನ್ನು ಆಪ್ಶನ್ಸ್‌ನಲ್ಲಿರುವ "ಡೈರೆಕ್ಟರಿ" ಸಾಲಿನ ಜಾಗದಲ್ಲಿ ಹುಡುಕುತ್ತದೆ. ಡೆಬಿಯನ್‌ನಲ್ಲಿ ಅದು /ವಾರ್/ಕ್ಯಾಷ್/ಬೈಂಡ್. ಕಾನ್ಫಿಗ್ ಇರುವುದು /ಇಟಿಸಿ/ಬೈಂಡ್‌ನಲ್ಲಿ. ಯಾರೋ ಅನುಕೂಲಕ್ಕೆ ಎಂದು /ಇಟಿಸಿ/ಬೈಂಡ್‌ನಲ್ಲೂ ಒಂದು ಡಿಬಿ.ತೋಟ ಇಟ್ಟಿರುತ್ತಾರೆ. ಹೊಸಬರು ಅದನ್ನು ತಿದ್ದುತ್ತಾರೆ, ರೀಲೋಡ್ ಮಾಡುತ್ತಾರೆ, ಎರರ್ ಬರುವುದಿಲ್ಲ, ಏನೂ ಬದಲಾಗುವುದಿಲ್ಲ. ಪಕ್ಕದ ತೋಟಕ್ಕೆ ಗೊಬ್ಬರ ಹಾಕಿ ನಮ್ಮ ಗಿಡ ನೋಡುತ್ತಾ ನಿಂತ ಹಾಗೆ.

ಊಹೆ ಮಾಡುವ ಅಗತ್ಯವೇ ಇಲ್ಲ. "ಆರ್‌ಎನ್‌ಡಿಸಿ ಝೋನ್‌ಸ್ಟೇಟಸ್ ತೋಟ.ಎಕ್ಸಾಂಪಲ್" ಎಂದರೆ ಯಾವ ಫೈಲ್, ಯಾವ ಸೀರಿಯಲ್, ಯಾವಾಗ ಲೋಡ್ ಆಯಿತು ಎಂದು ಸರ್ವರ್ ತಾನೇ ಹೇಳುತ್ತದೆ. ಇನ್‌ಕ್ಲೂಡ್ ಮೇಲೆ ಇನ್‌ಕ್ಲೂಡ್ ಇದ್ದು ತಲೆ ಕೆಟ್ಟರೆ "ನೇಮ್ಡ್-ಚೆಕ್‌ಕಾನ್ಫ್ -ಪಿ" ಎಲ್ಲವನ್ನೂ ಬಿಡಿಸಿ ಒಂದೇ ಹರವಿನಲ್ಲಿ ತೋರಿಸುತ್ತದೆ. ನಾನಂತೂ ಈಗ ಎಲ್ಲ ಝೋನ್‌ಗಳಿಗೂ ಪೂರ್ತಿ ದಾರಿ ಬರೆಯುತ್ತೇನೆ.

ಇದರ ತಮ್ಮನ ಹಾಗಿರುವ ಇನ್ನೊಂದು ದೋಷ ಇದೆ. ಇದನ್ನು ಹುಡುಕಲು ನನಗೆ ಅರ್ಧ ದಿನ ಬೇಕಾಯಿತು. ಝೋನ್ ಕೆಟ್ಟಿತು ಎಂದು ಹಳೆಯ ಬ್ಯಾಕಪ್ ಅನ್ನು "ಸಿಪಿ -ಪಿ" ಬಳಸಿ ವಾಪಸ್ ತಂದೆ. ಆ "-ಪಿ" ಫೈಲಿನ ಹಳೆಯ ಸಮಯವನ್ನೂ ಜೊತೆಗೆ ತರುತ್ತದೆ. ಬೈಂಡ್ ರೀಲೋಡ್ ಮಾಡುವಾಗ ಫೈಲಿನ ಸಮಯ ನೋಡುತ್ತದೆ. ತಾನು ಕೊನೆಯ ಸಲ ಲೋಡ್ ಮಾಡಿದ್ದಕ್ಕಿಂತ ಹಳೆಯದಾದರೆ ಮುಟ್ಟುವುದೇ ಇಲ್ಲ. "ಝೋನ್ ರೀಲೋಡ್ ಅಪ್-ಟು-ಡೇಟ್" ಎಂದುಬಿಡುತ್ತದೆ. ಆ ಮಾತು ಎಷ್ಟು ನೆಮ್ಮದಿ ಕೊಡುತ್ತದೆ ಎಂದರೆ, ತಪ್ಪು ಅಲ್ಲಿದೆ ಎಂದು ಅನಿಸುವುದೇ ಇಲ್ಲ! ಪರಿಹಾರ: ಫೈಲನ್ನು ಒಮ್ಮೆ "ಟಚ್" ಮಾಡಿ ಮತ್ತೆ ರೀಲೋಡ್. ಸೀರಿಯಲ್ ಕೂಡ ಹೆಚ್ಚಿಸಲು ಮರೆಯಬೇಡಿ. ಬ್ಯಾಕಪ್‌ನಲ್ಲಿ ಇರುವುದು ಹಳೆಯ ಸೀರಿಯಲ್ ಅಲ್ವಾ.

"ಝೋನ್ ರೀಲೋಡ್ ಕ್ಯೂಡ್" ಎಂದು ಬಂದರೂ ನಂಬಬೇಡಿ. ಸಾಲಿನಲ್ಲಿ ನಿಲ್ಲಿಸಿದೆ ಎಂದಷ್ಟೇ ಅದರ ಅರ್ಥ. ಲೋಡ್ ಆಯಿತೋ ಇಲ್ಲವೋ ಲಾಗ್‌ನಲ್ಲೇ ನೋಡಬೇಕು.

ಚುಕ್ಕೆ, ಅರ್ಧವಿರಾಮ ಮತ್ತು ವಾಟ್ಸಾಪ್

ಝೋನ್ ಫೈಲಿನಲ್ಲಿ ಹೆಸರಿನ ಕೊನೆಗೆ ಚುಕ್ಕೆ ಇಲ್ಲದಿದ್ದರೆ ಬೈಂಡ್ ಅದಕ್ಕೆ ಝೋನ್ ಹೆಸರನ್ನು ಅಂಟಿಸುತ್ತದೆ. ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಎಂದು ಹೇಳುವ ಎಂಎಕ್ಸ್ ಸಾಲನ್ನು "ಎಂಎಕ್ಸ್ 10 ಮೇಲ್.ತೋಟ.ಎಕ್ಸಾಂಪಲ್" ಎಂದು ಚುಕ್ಕೆ ಇಲ್ಲದೆ ಬರೆದರೆ ಮೇಲ್ ಹೋಗುವುದು ಮೇಲ್.ತೋಟ.ಎಕ್ಸಾಂಪಲ್.ತೋಟ.ಎಕ್ಸಾಂಪಲ್ ಎಂಬ, ಲೋಕದಲ್ಲೇ ಇಲ್ಲದ ಜಾಗಕ್ಕೆ. ವೆಬ್‌ಸೈಟ್ ಚೆನ್ನಾಗಿದ್ದು ಮೇಲ್ ಮಾತ್ರ ಬರುತ್ತಿಲ್ಲ ಎಂದರೆ ನಾನು ಮೊದಲು ಎಂಎಕ್ಸ್ ಸಾಲಿನ ತುದಿಯನ್ನೇ ನೋಡುತ್ತೇನೆ. ಡಿಗ್ ಉತ್ತರದಲ್ಲಿ ಹೆಸರು ಎರಡು ಸಲ ಬಂದಿದ್ದರೆ ಬೇರೆ ಹುಡುಕಬೇಕಿಲ್ಲ.

ಅರ್ಧವಿರಾಮದ ಕತೆ ಇನ್ನೂ ಸೊಗಸು. ಕಾನ್ಫಿಗ್ ಫೈಲಿನಲ್ಲಿ ; ಇದ್ದರೆ ವಾಕ್ಯ ಮುಗಿಯಿತು ಎಂದರ್ಥ. ಝೋನ್ ಫೈಲಿನಲ್ಲಿ ; ಇದ್ದರೆ ಅಲ್ಲಿಂದ ಮುಂದೆ ಟಿಪ್ಪಣಿ ಎಂದರ್ಥ. ಒಂದೇ ಸಾಫ್ಟ್‌ವೇರ್, ಒಂದೇ ಗುರುತು, ಎರಡು ಅರ್ಥ. ನಮ್ಮ ಹೆಸರಿನ ನಕಲಿ ಮೇಲ್ ತಡೆಯುವ ಡಿಮಾರ್ಕ್‌ಗೆಂದು ಹಾಕುವ ಟೆಕ್ಸ್ಟ್ ರೆಕಾರ್ಡಿನಲ್ಲಿ ; ಬರುತ್ತದೆ. ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಅರ್ಧವಿರಾಮದ ನಂತರದ್ದೆಲ್ಲ ಟಿಪ್ಪಣಿಯಾಗಿ ಮಾಯ. ಝೋನ್ ಲೋಡ್ ಆಗುತ್ತದೆ, ಎರರ್ ಇಲ್ಲ, ರೆಕಾರ್ಡ್ ಮಾತ್ರ ಮೊಂಡು. ಇನ್ನು # ಮತ್ತು // ಟಿಪ್ಪಣಿಗಳು ಕಾನ್ಫಿಗ್ ಫೈಲಿನಲ್ಲಿ ಮಾತ್ರ ನಡೆಯುತ್ತವೆ, ಝೋನ್ ಫೈಲಿನಲ್ಲಿ ಅಲ್ಲ.

ಕಾನ್ಫಿಗ್‌ನಲ್ಲಿ ; ಬಿಟ್ಟುಹೋದರೆ ನೇಮ್ಡ್-ಚೆಕ್‌ಕಾನ್ಫ್ ಸಾಲಿನ ಸಂಖ್ಯೆ ಹೇಳುತ್ತದೆ. ಆದರೆ ಅದು ತೋರಿಸುವುದು ಬಹುಪಾಲು ಮುಂದಿನ ಸಾಲನ್ನು. ಆ ಸಾಲಿನಲ್ಲಿ ತಪ್ಪು ಕಾಣದಿದ್ದರೆ ಮೇಲೆ ನೋಡಿ.

ವಾಟ್ಸಾಪ್‌ನಿಂದಲೋ ವರ್ಡ್ ಫೈಲಿನಿಂದಲೋ ಕಾಪಿ ಮಾಡಿದ ಸಾಲುಗಳಲ್ಲಿ ಉದ್ಧರಣ ಚಿಹ್ನೆ ಬಾಗಿರುತ್ತದೆ. ಕಣ್ಣಿಗೆ ಚೆಂದ, ಬೈಂಡ್‌ಗೆ ಅರ್ಥವಾಗದು. ಕೈಯಲ್ಲಿ ಮತ್ತೆ ಟೈಪ್ ಮಾಡಿ.

ಸಾಲಿನ ಶುರುವಿನಲ್ಲಿ ಖಾಲಿ ಜಾಗ ಬಿಟ್ಟರೆ ಆ ರೆಕಾರ್ಡ್ ಮೇಲಿನ ಸಾಲಿನ ಹೆಸರಿಗೆ ಸೇರುತ್ತದೆ. ಎಡಿಟರ್ ತಾನೇ ಸಾಲುಗಳನ್ನು ಒಳಕ್ಕೆ ತಳ್ಳುವ ಹಾಗಿದ್ದರೆ ಅದನ್ನು ಆಫ್ ಮಾಡಿ.

ಕನ್ನಡದಲ್ಲೇ ಡೊಮೇನ್ ಹೆಸರು ಪಡೆಯಬಹುದು, ".ಭಾರತ" ಎಂಬ ತುದಿ ಇದೆ. ಆದರೆ ಝೋನ್ ಫೈಲಿನೊಳಗೆ ಕನ್ನಡ ಅಕ್ಷರ ಹಾಕಿದರೆ ಕೆಲಸ ಆಗುವುದಿಲ್ಲ. ಅದನ್ನು ಪ್ಯೂನಿಕೋಡ್ ಎಂಬ ಇಂಗ್ಲಿಷ್ ಅಕ್ಷರದ ರೂಪಕ್ಕೆ ತಿರುಗಿಸಿ ಬರೆಯಬೇಕು. ಓದಿದರೆ ಯಾವ ಊರಿನ ಹೆಸರು ಎಂದು ಗೊತ್ತಾಗದ ಹಾಗೆ ಇರುತ್ತದೆ ಆ ರೂಪ. ಮೇಲೊಂದು ಟಿಪ್ಪಣಿ ಸಾಲು ಹಾಕಿ, ಅದು ಕನ್ನಡದಲ್ಲೇ ಇರಲಿ.

ಕರೆಂಟ್ ಹೋದಾಗ ಏಳುವ ದೋಷಗಳು

ಮಳೆಗಾಲದಲ್ಲಿ ಇಲ್ಲಿ ಲೈನ್ ಮೇಲೆ ಮರ ಬೀಳುವುದು ಸುದ್ದಿಯೇ ಅಲ್ಲ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಡೆದೀತು? ಮೆಷಿನ್ ಆರುತ್ತದೆ, ಕರೆಂಟ್ ಬಂದಾಗ ತಾನೇ ಏಳುತ್ತದೆ. ನೇಮ್ಡ್, ಅಂದರೆ ಬೈಂಡ್‌ನ ಸರ್ವರ್ ಪ್ರೋಗ್ರಾಂ, ಮಾತ್ರ ಏಳುವುದಿಲ್ಲ. ಎಲ್ಲರೂ "ಕರೆಂಟ್ ಹೋಗಿ ಸರ್ವರ್ ಹಾಳಾಯ್ತು" ಅನ್ನುತ್ತಾರೆ. ನಮ್ಮಲ್ಲಿ ಹಾಳಾಗಿದ್ದು ಮೂರು ವಾರದ ಹಿಂದೆ.

ಹೇಗೆಂದರೆ, ಕಾನ್ಫಿಗ್ ಫೈಲಿನಲ್ಲಿ ತಪ್ಪಿದ್ದರೆ ರೀಲೋಡ್ ವಿಫಲ ಆಗುತ್ತದೆ, ಆದರೆ ಓಡುತ್ತಿರುವ ನೇಮ್ಡ್ ಹಳೆಯ ಕಾನ್ಫಿಗ್‌ನಲ್ಲೇ ಓಡುತ್ತಿರುತ್ತದೆ. ಝೋನ್ ಫೈಲಿನಲ್ಲಿ ತಪ್ಪಿದ್ದರೂ ಹಾಗೇ, ಮೆಮೊರಿಯಲ್ಲಿರುವ ಹಳೆಯ ಪ್ರತಿಯೇ ಉತ್ತರ ಕೊಡುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿ. ತಿದ್ದಿ ರೀಲೋಡ್ ಮಾಡದೇ ಬಿಟ್ಟರೂ ಅಷ್ಟೆ. ತಪ್ಪು ಡಿಸ್ಕಿನ ಮೇಲೆ ಮಲಗಿರುತ್ತದೆ. ಕರೆಂಟ್ ಹೋಗಿ ಬಂದ ದಿನ ಏಳುತ್ತದೆ. ಕಾನ್ಫಿಗ್ ತಪ್ಪಾದರೆ ನೇಮ್ಡ್ ಶುರುವೇ ಆಗುವುದಿಲ್ಲ, ಎಲ್ಲ ಡೊಮೇನ್‌ಗಳೂ ಹೋದವು. ಝೋನ್ ತಪ್ಪಾದರೆ ಆ ಒಂದು ಝೋನ್ ಮಾತ್ರ ಸರ್ವ್‌ಫೇಲ್. ಈ ವ್ಯತ್ಯಾಸ ನೆನಪಿಟ್ಟರೆ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹುಡುಕುವಾಗ ಯಾವ ಫೈಲ್ ಮೊದಲು ನೋಡಬೇಕು ಎಂದು ಗೊತ್ತಾಗುತ್ತದೆ.

ಲಾಗ್ ನೋಡಲು "ಜರ್ನಲ್‌ಸಿಟಿಎಲ್ -ಯು ನೇಮ್ಡ್ -ಬಿ". ಕೊನೆಯ "-ಬಿ" ಈ ಸಲ ಬೂಟ್ ಆದ ಮೇಲಿನದ್ದನ್ನು ಮಾತ್ರ ತೋರಿಸುತ್ತದೆ. ಆಮೇಲೆ "ನೇಮ್ಡ್-ಚೆಕ್‌ಕಾನ್ಫ್ -ಝಡ್". ಇದು ಕಾನ್ಫಿಗ್ ಜೊತೆಗೆ ಎಲ್ಲ ಪ್ರೈಮರಿ ಝೋನ್‌ಗಳನ್ನೂ ಲೋಡ್ ಮಾಡಿ ನೋಡುತ್ತದೆ. ನಾವು ಇದನ್ನು ದಿನಾ ಬೆಳಿಗ್ಗೆ ಆರಕ್ಕೆ ಕ್ರಾನ್‌ನಲ್ಲಿ ಓಡಿಸುತ್ತೇವೆ. ತಪ್ಪಿದ್ದರೆ ಮೊಬೈಲಿಗೆ ಸಂದೇಶ. ಮಲಗಿರುವ ತಪ್ಪನ್ನು ಮಳೆಗೆ ಮೊದಲೇ ಎಬ್ಬಿಸಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ.

ಒಂದು ಮಾತು. ಈ ಪರೀಕ್ಷೆಯನ್ನು ನೀವು ರೂಟ್ ಆಗಿ ಓಡಿಸಿದರೆ ಪರ್ಮಿಷನ್ ದೋಷ ಸಿಗುವುದಿಲ್ಲ. ರೂಟ್‌ಗೆ ಎಲ್ಲ ಓದಲು ಬರುತ್ತದೆ. ನೇಮ್ಡ್ ಓಡುವುದು "ಬೈಂಡ್" ಎಂಬ ಬಳಕೆದಾರನ ಹೆಸರಿನಲ್ಲಿ, ರೆಡ್ ಹ್ಯಾಟ್‌ನಲ್ಲಾದರೆ "ನೇಮ್ಡ್". ಅವರಿಗೆ ಓದಲು ಬಾರದ ಫೈಲ್ ನಿಮಗೆ ಚೆನ್ನಾಗಿಯೇ ಕಾಣುತ್ತದೆ. "ಸುಡು -ಯು ಬೈಂಡ್" ಎಂದು ಸೇರಿಸಿ ಓಡಿಸಿ.

ಈಗ ಎರಡೂ ಕಡೆ ಕರೆಂಟ್ ಹೋದ ರಾತ್ರಿಯ ವಿಷಯ. ಒಮ್ಮೆ ಮಡಿಕೇರಿ, ಕುಶಾಲನಗರ ಎರಡೂ ಆರಿದವು. ಕುಶಾಲನಗರಕ್ಕೆ ಬೇಗ ಕರೆಂಟ್ ಬಂತು. ಸೆಕೆಂಡರಿ ಎದ್ದಿತು, ನೇಮ್ಡ್ ಕೂಡ ಶುರುವಾಯಿತು, ಆದರೆ ಎಲ್ಲ ಝೋನ್‌ಗಳಿಗೂ ಸರ್ವ್‌ಫೇಲ್! ಯಾಕೆಂದರೆ ಅದರ ಹತ್ತಿರ ಡಿಸ್ಕಿನ ಮೇಲೆ ಒಂದೂ ಪ್ರತಿ ಇರಲಿಲ್ಲ. ಝೋನ್‌ಗಳನ್ನು /ಇಟಿಸಿ/ಬೈಂಡ್‌ನಲ್ಲಿ ಉಳಿಸು ಎಂದು ನಾವು ಬರೆದಿದ್ದೆವು. ಡೆಬಿಯನ್‌ನ ಆಪ್‌ಆರ್ಮರ್ ನಿಯಮದ ಪ್ರಕಾರ ನೇಮ್ಡ್ ಅಲ್ಲಿ ಓದಬಹುದು, ಬರೆಯುವ ಹಾಗಿಲ್ಲ. ಸೆಕೆಂಡರಿ ಪ್ರತಿ ಸಲ ಮೆಮೊರಿಗೆ ಇಳಿಸಿಕೊಂಡು, ಡಿಸ್ಕಿಗೆ ಬರೆಯಲಾಗದೆ, ಲಾಗ್‌ನಲ್ಲಿ "ಪರ್ಮಿಷನ್ ಡಿನೈಡ್" ಎಂದು ಗೊಣಗಿ ಸುಮ್ಮನಾಗುತ್ತಿತ್ತು. ಪ್ರೈಮರಿ ಜೀವಂತ ಇರುವವರೆಗೆ ಇದು ಗೊತ್ತೇ ಆಗುವುದಿಲ್ಲ. ಎದ್ದ ಕೂಡಲೇ ಮತ್ತೆ ಇಳಿಸಿಕೊಳ್ಳುತ್ತದಲ್ಲ. ಸೆಕೆಂಡರಿ ಫೈಲ್‌ಗಳಿಗೆ /ವಾರ್/ಕ್ಯಾಷ್/ಬೈಂಡ್ ಅಥವಾ /ವಾರ್/ಲಿಬ್/ಬೈಂಡ್ ಸರಿಯಾದ ಜಾಗ. ಅಲ್ಲಿ ಫೈಲ್ ನಿಜವಾಗಿ ಬಂದಿದೆಯಾ ಎಂದು ಎಲ್‌ಎಸ್ ಮಾಡಿ ನೋಡಿ. ತೆರೆದರೆ ಓದಲು ಬಾರದಿದ್ದರೆ ಗಾಬರಿ ಬೇಡ. ಬೈಂಡ್ 9.9ರಿಂದ ಸೆಕೆಂಡರಿ ಪ್ರತಿಗಳು ಮನುಷ್ಯರು ಓದುವ ಪಠ್ಯವಾಗಿ ಉಳಿಯುವುದಿಲ್ಲ, ಕಚ್ಚಾ ರೂಪದಲ್ಲಿ ಉಳಿಯುತ್ತವೆ.

ಗಡಿಯಾರವನ್ನೂ ನೋಡಿ. ಹಳೆಯ ಮೆಷಿನ್‌ಗಳ ಮದರ್‌ಬೋರ್ಡಿನ ಚಿಕ್ಕ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಬಂದು ಎದ್ದಾಗ ತಾರೀಕು ಎಲ್ಲೋ ಹಿಂದೆ ಇರುತ್ತದೆ. ಝೋನ್ ಇಳಿಸಿಕೊಳ್ಳಲು ಟಿಸಿಗ್ ಎಂಬ ಗುಟ್ಟಿನ ಕೀಲಿ ಬಳಸುತ್ತಿದ್ದರೆ ಎರಡೂ ಗಡಿಯಾರಗಳ ಅಂತರ ಸಾಮಾನ್ಯವಾಗಿ 300 ಸೆಕೆಂಡ್ ದಾಟಬಾರದು. ದಾಟಿದರೆ ಕೀಲಿ ಸರಿಯಿದ್ದರೂ "ಬ್ಯಾಡ್‌ಟೈಮ್" ಎಂದು ತಿರಸ್ಕಾರ. ಅದೇ ಮೆಷಿನ್ ರಿಸಾಲ್ವರ್ ಕೂಡ ಆಗಿದ್ದು ಡಿಎನ್‌ಎಸ್‌ಸೆಕ್ ಪರೀಕ್ಷೆ (ಉತ್ತರದ ಮೇಲಿನ ಸಹಿ ಅಸಲಿಯೇ ಎಂಬ ತಪಾಸಣೆ) ಮಾಡುತ್ತಿದ್ದರೆ ಇನ್ನೂ ಮಜಾ. ತಾರೀಕು ತಪ್ಪು, ಹಾಗಾಗಿ ಸಹಿಗಳೆಲ್ಲ ಅಮಾನ್ಯ, ಹಾಗಾಗಿ ಹೆಸರು ಬಿಡಿಸಲು ಆಗುವುದಿಲ್ಲ. ಸಮಯ ಸರಿಮಾಡುವ ಎನ್‌ಟಿಪಿ ಸರ್ವರ್ ಅನ್ನು ಹೆಸರಿನಲ್ಲೇ ಕೊಟ್ಟಿರುವುದರಿಂದ ಗಡಿಯಾರವೂ ಸರಿಯಾಗುವುದಿಲ್ಲ. ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದ ಹಾಗೆ. ತಾರೀಕನ್ನು ಕೈಯಲ್ಲಿ ಹಾಕಿ ಬಿಡಿಸಿಕೊಳ್ಳಬೇಕು. ಆಮೇಲೆ ಆ ಬ್ಯಾಟರಿ ಬದಲಾಯಿಸಿ.

ಉಳಿದ ಚಿಲ್ಲರೆ

ಹೊಸ ಝೋನ್ ಸೇರಿಸಿ "ಆರ್‌ಎನ್‌ಡಿಸಿ ರೀಲೋಡ್" ಜೊತೆಗೆ ಆ ಝೋನ್ ಹೆಸರು ಕೊಟ್ಟರೆ ಅಂಥದ್ದು ಸಿಗಲಿಲ್ಲ ಎನ್ನುತ್ತದೆ. ಮೊದಲು "ಆರ್‌ಎನ್‌ಡಿಸಿ ರೀಕಾನ್ಫಿಗ್" ಹೊಡೆಯಬೇಕು. ರೀಕಾನ್ಫಿಗ್ ಕಾನ್ಫಿಗ್ ಓದಿ ಹೊಸ ಝೋನ್‌ಗಳನ್ನು ಎತ್ತಿಕೊಳ್ಳುತ್ತದೆ, ಇರುವ ಝೋನ್ ಫೈಲ್‌ಗಳಲ್ಲಿ ಮಾಡಿದ ತಿದ್ದುಪಡಿಯನ್ನು ನೋಡುವುದಿಲ್ಲ.

ಹೆಸರು ಕೇಳಿದರೆ ಉತ್ತರ ಬರುತ್ತದೆ, ಆದರೆ ಸೆಕೆಂಡರಿಗೆ ಝೋನ್ ಮಾತ್ರ ಇಳಿಯುತ್ತಿಲ್ಲ ಎಂದರೆ ಫೈರ್‌ವಾಲ್‌ನಲ್ಲಿ 53ನೇ ಪೋರ್ಟಿಗೆ ಯುಡಿಪಿ ಮಾತ್ರ ಬಿಟ್ಟಿದ್ದೀರಾ ನೋಡಿ. ಪೂರ್ತಿ ಝೋನ್ ಹೋಗುವುದು ಟಿಸಿಪಿಯಲ್ಲಿ.

ಹೊಸ ಹೆಸರು ಸೇರಿಸುವ ಮೊದಲೇ ಯಾರಾದರೂ ಅದನ್ನು ಕೇಳಿಬಿಟ್ಟಿದ್ದರೆ "ಇಲ್ಲ" ಎಂಬ ಉತ್ತರವೂ ಅವರ ಕ್ಯಾಷ್‌ನಲ್ಲಿ ಕೂರುತ್ತದೆ. ಎಷ್ಟು ಹೊತ್ತು ಎಂಬುದನ್ನು ಎಸ್‌ಒಎಯ ಕೊನೆಯ ಸಂಖ್ಯೆ ನಿಯಂತ್ರಿಸುತ್ತದೆ. 1998ರ ಆರ್‌ಎಫ್‌ಸಿ 2308 ಅದಕ್ಕೆ ಈ ಕೆಲಸ ಕೊಟ್ಟಿತು. ಅದರಲ್ಲಿ 86400 ಇದ್ದರೆ ಒಂದು ದಿನದವರೆಗೂ ಕಾಯುವ ಪಾಡು ಬರಬಹುದು. ನಾವು 300 ಇಟ್ಟಿದ್ದೇವೆ.

ಡಿಎಚ್‌ಸಿಪಿಯೋ ಸರ್ಟಿಫಿಕೇಟ್ ನವೀಕರಿಸುವ ಸಾಫ್ಟ್‌ವೇರೋ ತಾನೇ ರೆಕಾರ್ಡ್ ಬರೆಯುವ ಝೋನ್ ಇದ್ದರೆ, ಫೈಲ್ ಪಕ್ಕದಲ್ಲಿ ".ಜೆಎನ್‌ಎಲ್" ಎಂಬ ಜರ್ನಲ್ ಇರುತ್ತದೆ. ಹೊಸ ಬದಲಾವಣೆಗಳು ಮೊದಲು ಅದರಲ್ಲಿ ಸೇರುತ್ತವೆ, ಫೈಲಿಗೆ ಆಮೇಲೆ. ಅಂಥ ಫೈಲನ್ನು ನೇರವಾಗಿ ತಿದ್ದಿದರೆ ಫೈಲಿಗೂ ಜರ್ನಲ್‌ಗೂ ತಾಳೆ ತಪ್ಪಿ ಝೋನ್ ಲೋಡ್ ಆಗುವುದೇ ನಿಲ್ಲಬಹುದು. ತಿದ್ದುವ ಮೊದಲು "ಆರ್‌ಎನ್‌ಡಿಸಿ ಫ್ರೀಜ್" ಮತ್ತು ಝೋನ್ ಹೆಸರು, ತಿದ್ದಿ ಸೀರಿಯಲ್ ಹೆಚ್ಚಿಸಿ, ಆಮೇಲೆ "ಆರ್‌ಎನ್‌ಡಿಸಿ ಥಾ". ಥಾ ಮರೆತರೆ ಆ ಝೋನ್ ಹೊಸದೇನನ್ನೂ ಬರೆಸಿಕೊಳ್ಳುವುದಿಲ್ಲ, ಸರ್ಟಿಫಿಕೇಟ್ ನವೀಕರಣ ನಿಂತ ಮೇಲೆ ಯಾರೋ ಫೋನ್ ಮಾಡಿ ನೆನಪಿಸುತ್ತಾರೆ.

ಈಗ ನಮ್ಮ /ಇಟಿಸಿ/ಬೈಂಡ್ ಪೂರ್ತಿ ಗಿಟ್‌ನಲ್ಲಿದೆ. ಯಾರು, ಯಾವಾಗ, ಯಾವ ಸಾಲು ಎಂದು ಎಲ್ಲ ಸಿಗುತ್ತದೆ. ಮೇ 12ರ ಆ 2205 ಯಾರದ್ದು ಎಂದು ಇನ್ನು ಅನುಮಾನ ಉಳಿಯುವುದಿಲ್ಲ. ನಮ್ಮ ಹುಡುಗ ಒಂದು ಪುಟ್ಟ ಸ್ಕ್ರಿಪ್ಟ್ ಕೂಡ ಬರೆದಿದ್ದಾನೆ: ಸೀರಿಯಲ್ ಹಿಂದಿನದಕ್ಕಿಂತ ಚಿಕ್ಕದಿದ್ದರೆ, ಅಥವಾ ಮೊದಲ ನಾಲ್ಕು ಅಂಕಿ ಈ ವರ್ಷ ಅಲ್ಲದಿದ್ದರೆ, ಕಮಿಟ್ ಮಾಡಲು ಬಿಡುವುದಿಲ್ಲ. ಅದು ಮೊದಲ ವಾರದಲ್ಲಿ ತಡೆದದ್ದು ನನ್ನನ್ನೇ.